ಸ್ಟೇ, ಲಿವ್ ಮತ್ತು ಪಾಪಕ್ಕನ ಒಲೆ

೭ ಜೂನ್ ೧೯೯೮, ಭಾನುವಾರ

ಇಂಗ್ಲಿಷ್ ಮೇಷ್ಟ್ರಾದವನು ದಿನಚರಿಯನ್ನೂ ಇಂಗ್ಲಿಷಿನಲ್ಲೇ ಬರೆಯಬೇಕು ಅಂತ ಹೊಸ ವರ್ಷದ ದಿನ ಶಪಥ ಮಾಡಿದ್ದೆ. ಐದು ತಿಂಗಳು ನಡೆಯಿತು. ಇವತ್ತು ಕನ್ನಡಕ್ಕೆ ಬಂದಿದ್ದೇನೆ. ಸಿಟ್ಟು ಬಂದಿದೆ, ಇಂಗ್ಲಿಷಿನಲ್ಲಿ ಸರಿಯಾಗಿ ಸಿಟ್ಟು ಮಾಡಿಕೊಳ್ಳುವುದು ನನಗಿನ್ನೂ ಬರುವುದಿಲ್ಲ.

ಮಧ್ಯಾಹ್ನ ಉಂಡು ಅಡ್ಡಾಗಿದ್ದೆ. ತಳಕಿನ ಕಡೆಯ ಬಸ್ಸಿಳಿದು ಪೆದ್ದಣ್ಣ ಮಾವ ಬಂದರು, ಹಿಂದೆಯೇ ನಮ್ಮತ್ತೆ ಪಾಪಕ್ಕ. ಬಲಗೈಗೆ ಮೊಣಕೈವರೆಗೂ ಬಿಳಿ ಪಟ್ಟಿ. ಕುರಿ ರೊಪ್ಪದ ಹತ್ತಿರ ಜಾರಿ ಬಿದ್ದು ಮಣಿಕಟ್ಟು ಮುರಿದಿದೆ. ಪೆದ್ದಣ್ಣ ಮಾವ ಅಂದರೆ ಅತ್ತೆಯ ಮೈದುನ. ನನ್ನ ಹೆಂಡತಿ ರಾಧಮ್ಮ ಹತ್ತು ವರ್ಷದವಳಿದ್ದಾಗ ಅವಳಪ್ಪ ತೀರಿಕೊಂಡರು. ಆವತ್ತಿನಿಂದ ಅತ್ತೆ ಈ ಮೈದುನನ ತುಂಬಿದ ಮನೆಯಲ್ಲಿ, ತಳಕಿನ ಹತ್ತಿರದ ಹಟ್ಟಿಯಲ್ಲಿ ಇದ್ದಾರೆ.

"ಅಲ್ಲಿದ್ರೆ ಈವಮ್ಮ ಒಂದ್ಗಳಿಗೆ ಕೈ ಸುಮ್ನೆ ಇಟ್ಕಳಲ್ಲ. ಒಂದೆಂಟು ದಿನ ಮಗಳ ಮನ್ಯಾಗೆ ಇರ್ಲಿ ಅಳಿಯಂದ್ರೇ," ಅಂದರು ಮಾವ.

ನಮ್ಮ ಕಡೆ ಎಂಟು ದಿನ ಅಂದರೆ ಎಷ್ಟು ಬೇಕಾದರೂ ಆಗಬಹುದು. ನಾನು ನೋಟ್ಸ್ ತಿದ್ದುವ ಮುಂದಿನ ಕೋಣೆ ಕೈಬಿಟ್ಟಿತು. ಅದಲ್ಲದೆ ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ಕೂರುವುದಿಲ್ಲ, ನೇರವಾಗಿ ಮಾತಾಡುವುದೂ ಇಲ್ಲ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಪಾಪಕ್ಕ ನನಗೆ ಹೇಳುವುದನ್ನೆಲ್ಲ ನಡುಮನೆಯ ಕಂಬಕ್ಕೆ ಹೇಳುತ್ತಾರೆ. "ಅಳಿಯಂದ್ರು ಉಂಡ್ರಂತಾ?" ಅಂತ ಕಂಬವನ್ನು ಕೇಳಿದರು. ನಾನು ಅಲ್ಲೇ ಇದ್ದೆ. "ಉಂಡೆ," ಅಂತ ನಾನೂ ಕಂಬಕ್ಕೇ ಹೇಳಿದೆ.

೧೧ ಜೂನ್

ಹತ್ತನೇ ತರಗತಿಯವರ ಪ್ರಬಂಧ ತಿದ್ದಿದೆ. ಬೇಸಿಗೆ ರಜೆಯಲ್ಲಿ ಹತ್ತು ದಿನ ಸೋದರಮಾವನ ಮನೆಯಲ್ಲಿ ಇದ್ದದ್ದನ್ನು ಅರ್ಧ ಕ್ಲಾಸು 'ಲಿವ್' ಅಂತ ಬರೆದಿದೆ. ಹುಟ್ಟಿ ಬೆಳೆದು ಮಕ್ಕಳನ್ನು ಸಾಕಿದ ಊರಿನಲ್ಲಿ ಅಪ್ಪ ಇರುವುದನ್ನು ಇನ್ನರ್ಧ ಕ್ಲಾಸು 'ಸ್ಟೇ' ಅಂದಿದೆ. ಅವರನ್ನು ಬೈದು ಫಲವಿಲ್ಲ. ಕನ್ನಡದಲ್ಲಿ ಎರಡಕ್ಕೂ 'ಇರುವುದು' ಒಂದೇ. ನಮ್ಮ ಹೆಡ್‌ಮಾಸ್ಟರ್ ಸೋಮಶೇಖರಪ್ಪನವರೇ ಹೊಸದಾಗಿ ಬಂದವರನ್ನು 'ವೇರ್ ಆರ್ ಯು ಸ್ಟೇಯಿಂಗ್' ಅಂತ ಕೇಳುತ್ತಾರೆ.

ಇವತ್ತು ಪೂರ್ತಿ ಪೀರಿಯಡ್ ಅದಕ್ಕೇ ಕೊಟ್ಟೆ. ಸ್ವಲ್ಪ ಕಾಲ ತಂಗುವುದು ಸ್ಟೇ, ನೆಲೆಯಾಗಿ ಬಾಳುವುದು ಲಿವ್. ಲಾಡ್ಜಿನಲ್ಲಿ ಸ್ಟೇ, ಮನೆಯಲ್ಲಿ ಲಿವ್. ಜಟಿಂಗ ರಾಮೇಶ್ವರದ ಗುಡ್ಡ ಹತ್ತಿದ ಭಕ್ತರದ್ದು ಸ್ಟೇ, ಗುಡ್ಡದ ಕೆಳಗಿನ ಊರಿನವರದ್ದು ಲಿವ್. ಚೆನ್ನಾಗಿಯೇ ಹೇಳಿದೆ. ಕೊನೆಗೆ ಮಾಲತಿ ಅನ್ನುವ ಹುಡುಗಿ ಎದ್ದು ನಿಂತಳು. ಕುರಿ ಕಾಯುವವರ ಮನೆಯವಳು, ಸರ್ಕಾರಿ ಹಾಸ್ಟೆಲಿನಲ್ಲಿ ಇರುತ್ತಾಳೆ.

"ಸಾ, ನಾನು ಐದನೇ ಕ್ಲಾಸಿಂದ ಹಾಸ್ಟೆಲ್‌ನಾಗೆ ಅದೀನಿ. ಸ್ಟೇನಾ, ಲಿವ್ವಾ?"

"ಸ್ಟೇ."

"ನಮ್ಮ ಹಟ್ಟಿಗೆ ವರ್ಷಕ್ಕೆ ಎರಡ್ಸಲ ಹೋಗ್ತೀನಿ ಸಾ. ಅಲ್ಲಿ?"

"ಅಲ್ಲಿ ಲಿವ್."

"ಅಂಗಾದ್ರೆ ಯಾವಾಗ್ಲೂ ಇರೋ ಕಡೆ ಸ್ಟೇ, ಇಲ್ದೇ ಇರೋ ಕಡೆ ಲಿವ್ವಾ ಸಾ?"

ಕ್ಲಾಸು ಗೊಳ್ಳೆಂದಿತು. ಕೂತ್ಕೊಳಮ್ಮ ಅಂದೆ. ಮಕ್ಕಳು ಈಗೀಗ ಬಹಳ ಮಾತು ಕಲಿತಿದ್ದಾವೆ.

೨೨ ಜೂನ್

ಎಂಟು ದಿನ ಎಂದೋ ಕಳೆಯಿತು. ಯಾರೂ ಆ ಸುದ್ದಿ ಎತ್ತುತ್ತಿಲ್ಲ. ಪಟ್ಟಿ ಬಿಚ್ಚುವವರೆಗೆ ಇರಲೇಬೇಕಂತೆ.

ಬೀಗರ ಮನೆಯಲ್ಲಿ ಇರುವುದು ಹೇಗೆ ಅಂತ ಪಾಪಕ್ಕನನ್ನು ನೋಡಿ ಕಲಿಯಬೇಕು. ನಾನು ಉಣ್ಣದೆ ಅವರು ಉಣ್ಣುವುದಿಲ್ಲ. ಉಂಡರೂ ಒಂದೇ ಮುದ್ದೆ. ಎರಡನೆಯದಕ್ಕೆ ರಾಧ ಕೈ ಹಾಕಿದರೆ ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಓಡುತ್ತಾರೆ. ನಾನು ಮುಂಬಾಗಿಲಲ್ಲಿ ಒಳಗೆ ಬಂದರೆ ಅವರು ಹಿಂಬಾಗಿಲಲ್ಲಿ ಹೊರಗೆ. ನನ್ನ ಮನೆಯಲ್ಲಿ ನಾನು ಕೆಮ್ಮಿ ಕ್ಯಾಕರಿಸಿ ಓಡಾಡುವಂತಾಗಿದೆ. ಲುಂಗಿ ಮೇಲೆ ಕಟ್ಟಿ ಬೆನ್ನು ಕೆರೆದುಕೊಳ್ಳುವಂತಿಲ್ಲ.

ಇದರ ಮೇಲೆ ಬೆಕ್ಕೊಂದು ಸೇರಿಕೊಂಡಿದೆ. ಅತ್ತೆ ಅದರ ಜೊತೆ ತಮ್ಮ ತವರಿನ ತೆಲುಗಿನಲ್ಲಿ ಮಾತಾಡುತ್ತಾರೆ. ಇವತ್ತು ಬೆಳಿಗ್ಗೆ ಮಾತ್ರ ಬೆಕ್ಕಿಗೆ ಕನ್ನಡದಲ್ಲಿ ಹೇಳಿದರು: "ಇಂಗ್ಲೀಷ್ ಮೇಷ್ಟ್ರಂತೆ, ಅಂಗಿ ಗುಂಡಿ ಕಿತ್ತೋಗಿರಾದು ಕಾಣಲ್ಲ." ಸ್ನಾನ ಮುಗಿಸಿ ಬರುವಷ್ಟರಲ್ಲಿ ಗುಂಡಿ ಹೊಲಿದಾಗಿತ್ತು. ಎಡಗೈಯಲ್ಲಿ ಹೊಲಿದದ್ದು, ಒಂದು ಕಡೆ ವಾಲಿಕೊಂಡಿತ್ತು. ಸರಿಮಾಡಿಕೊಡುತ್ತೇನೆ ಅಂತ ರಾಧ ಅಂದಳು. ಹೊತ್ತಾಗಿದೆ ಅಂತ ಹಾಗೇ ಹಾಕಿಕೊಂಡು ಹೋದೆ. ಸ್ಕೂಲಿಗೆ ಕಾಲು ಗಂಟೆ ಮುಂಚೆ ತಲುಪಿದೆ.

೩ ಜುಲೈ

ಮಳೆ ಇಲ್ಲ. ಕರೆಂಟಿಲ್ಲ. ಅತ್ತೆ ಇದ್ದಾರೆ.

೧೦ ಜುಲೈ

ಮೂರು ದಿನ ಜ್ವರ. ಈಗ ಪರವಾಗಿಲ್ಲ.

ನಿನ್ನೆ ಬೆಳಿಗ್ಗೆ ಜ್ವರ ಇಳಿದಂತೆ ಕಂಡಿತು. ಮೈಯೆಲ್ಲ ಅಂಟಂಟು ಅಂತ ತಣ್ಣೀರನ್ನೇ ಹುಯ್ದುಕೊಳ್ಳಲು ಬಚ್ಚಲಿಗೆ ಹೊರಟೆ. ರಾಧ ನಲ್ಲಿ ಹತ್ತಿರ ಹೋಗಿದ್ದಳು. ಹಿಂದಿನಿಂದ ಒಂದು ಗದರಿಕೆ ಬಂತು: "ಲೇ ಬಾಲರಾಜು, ಬುದ್ಧಿ ಐತೇನಲೇ ನಿನಗೆ? ತಣ್ಣೀರು ಹುಯ್ಕಂತಾನಂತೆ. ನಡಿ ಒಳಗೆ."

ನನ್ನವ್ವ ಹೋದ ಮೇಲೆ ನನ್ನನ್ನು ಆ ರೀತಿ ಯಾರೂ ಕರೆದಿರಲಿಲ್ಲ. ತಂಬಿಗೆ ಕೆಳಗಿಟ್ಟು ಒಳಗೆ ಹೋಗಿ ಮಲಗಿದೆ. ಪಾಪಕ್ಕನಿಗೆ ತಾನು ಏನಂದೆ ಅಂತ ಆಮೇಲೆ ಹೊಳೆದಿರಬೇಕು. ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆ ಸೇರಿದವರು ಸಂಜೆಯವರೆಗೆ ಹೊರಗೆ ಬರಲಿಲ್ಲ. ರಾಧಳ ಕೈಯಲ್ಲಿ ಮೆಣಸಿನ ಕಷಾಯ ಬಂತು. ಅದಕ್ಕೆ ಬೆಲ್ಲ ಜಾಸ್ತಿ ಬಿದ್ದಿತ್ತು.

ಇವತ್ತು ಮತ್ತೆ ಕಂಬದ ಜೊತೆ ಮಾತು ಶುರುವಾಗಿದೆ, ಆದರೆ ಕಂಬದ ಕಡೆ ಅಷ್ಟು ಗಮನವಿಲ್ಲ.

೨೨ ಜುಲೈ

ಸರ್ಕಾರಿ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದರು. ಕೈ ಬಡಕಲಾಗಿದೆ. ಭಾರ ಎತ್ತಬೇಡಿ, ಮುದ್ದೆ ತೊಳಸಬೇಡಿ ಅಂತ ಡಾಕ್ಟರು ಹೇಳಿದರು. ಮನೆಗೆ ಬಂದು ಮೊದಲು ಮಾಡಿದ ಕೆಲಸ ಮುದ್ದೆ ತೊಳಸಿದ್ದು. ಸುಳ್ಳು ಹೇಳಬಾರದು, ಇಷ್ಟು ದಿನ ಮುದ್ದೆ ಅಂತ ನಾನು ತಿಂದದ್ದು ಏನು ಅಂತ ಯೋಚನೆಯಾಯಿತು. ರಾಧಳಿಗೆ ಹೇಳಲಿಲ್ಲ.

ಉಂಡಾದ ಮೇಲೆ, "ಪಂಚಮಿ ಕಳೀಲಿ, ಹೊಂಡ್ತೀನಿ," ಅಂತ ಕಂಬಕ್ಕೆ ಹೇಳಿದರು.

ರಾಧ ನನ್ನ ಹತ್ತಿರ ಬಂದು, "ಅಲ್ಲಿ ಹೋದ್ರೆ ಹತ್ತು ಜನರ ಮುದ್ದೆ ತಿರುವ್ತಾಳೆ. ಕೈ ಉಳಿಯಲ್ಲ. ನೀವೊಂದು ಮಾತು ಹೇಳ್ರಿ, ನಿಮ್ಮ ಮಾತಿಗೆ ಬೆಲೆ ಕೊಡ್ತಾಳೆ," ಅಂದಳು.

ಹೇಳಿದೆ. ಕಂಬದ ಕಡೆ ತಿರುಗಿ, "ಇಲ್ಲೇ ಇರಬಹುದು, ನಮಗೇನೂ ತೊಂದರೆ ಇಲ್ಲ," ಅಂದೆ. ಈಗ ಬರೆಯುವಾಗ ಅನ್ನಿಸುತ್ತಿದೆ, ಇದು ಕರೆಯುವ ಮಾತಲ್ಲ.

ಉತ್ತರ ಬಂತು: "ಮಗಳ ಮನ್ಯಾಗೆ ಹಬ್ಬಕ್ಕೆ ಇರ್ತಾರೆ, ಬಾಣಂತನಕ್ಕೆ ಇರ್ತಾರೆ. ಬಾಳಾಕೆ ಯಾರಾದ್ರೂ ಇರ್ತಾರಾ? ಅಳಿಯನ ಅನ್ನ ಉಂಡ್ಕಂಡು ಬಿದ್ದವ್ಳೆ ಅನ್ನಿಸ್ಕಳಾದು ನನಗೆ ಬ್ಯಾಡ."

ಪಕ್ಕದ ಮನೆಯ ಸರ್ವಮಂಗಳಮ್ಮ ನಲ್ಲಿ ಹತ್ತಿರ ಅವರನ್ನು, "ಯಾಕಮ್ಮ, ನಿಮಗೆ ಗಂಡುಮಕ್ಕಳಿಲ್ವಾ?" ಅಂತ ಕೇಳಿದಳಂತೆ. ರಾಧ ರಾತ್ರಿ ಹೇಳಿದಳು. ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ.

೩೦ ಜುಲೈ

ಹೋದರು. ನಿನ್ನೆ ಪೆದ್ದಣ್ಣ ಮಾವ ಬಂದು ಕರೆದುಕೊಂಡು ಹೋದರು. ಮುಂದಿನ ಕೋಣೆ ವಾಪಸ್ ಸಿಕ್ಕಿತು. ಮೇಜು ಹಳೆಯ ಜಾಗದಲ್ಲಿ ಹಾಕಿಸಿದೆ.

ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಆ ಕೋಣೆಯಲ್ಲಿ ಸೊಳ್ಳೆ ಜಾಸ್ತಿಯಾಗಿರಬೇಕು. ಬೆಕ್ಕು ಬೇರೆ ಬೆಳಗಿನ ತನಕ ಕೂಗಿತು. ನಾನು ಅದಕ್ಕೆ ತೆಲುಗಿನಲ್ಲಿ ಹೇಳಿ ನೋಡಿದೆ, ಕೇಳಲಿಲ್ಲ.

೮ ಆಗಸ್ಟ್

ಎರಡು ದಿನ ಚಳ್ಳಕೆರೆಯಲ್ಲಿ ಇಂಗ್ಲಿಷ್ ಮೇಷ್ಟ್ರುಗಳ ತರಬೇತಿ. ಪಾಠ ಹೇಳಲು ಬಂದವರನ್ನು ಚಹಾ ಹೊತ್ತಿನಲ್ಲಿ ಮಾಲತಿಯ ಪ್ರಶ್ನೆ ಕೇಳಿದೆ. "ತಾತ್ಕಾಲಿಕವಾದರೆ ಸ್ಟೇ, ಶಾಶ್ವತವಾದರೆ ಲಿವ್. ಇದರಲ್ಲಿ ಕೇಳುವುದೇನಿದೆ?" ಅಂದು ಬಿಸ್ಕತ್ತು ಅದ್ದಿಕೊಂಡರು. ನನಗೂ ಜೂನ್ ತಿಂಗಳಲ್ಲಿ ಕೇಳುವುದು ಏನೂ ಇರಲಿಲ್ಲ.

ಸಂಜೆ ವಾಪಸ್ ಬರುವಾಗ ತಳಕಿನಲ್ಲಿ ಇಳಿದು ಹಟ್ಟಿಗೆ ಹೋದೆ. ಕೈಗೆ ಹಚ್ಚಲು ಎಣ್ಣೆ ಕೊಟ್ಟು ಬನ್ನಿ ಅಂತ ರಾಧ ಸೀಸೆ ಕಟ್ಟಿಕೊಟ್ಟಿದ್ದಳು. ಅದಕ್ಕೇ ಹೋದದ್ದು.

ಶೇಂಗಾ ಹೊಲದ ಕಳೆ ತೆಗೆಯುವ ಕಾಲ. ಮನೆ ತುಂಬ ಜನ. ಪೆದ್ದಣ್ಣ ಮಾವ ಕಂಬಳಿ ಹಾಸಿ ಕೂರಿಸಿದರು, ನೀರು ಬೆಲ್ಲ ಕೊಟ್ಟರು. ಒಳ್ಳೆಯ ಮನುಷ್ಯ. "ಅತ್ತಿಗೆ ಇಲ್ದಿದ್ದಾಗ ಈ ಮನಿ ಮನಿಯಂಗೇ ಇರ್ಲಿಲ್ಲ ಅಳಿಯಂದ್ರೇ," ಅಂದರು. ಅದು ಬಾಯುಪಚಾರದ ಮಾತಲ್ಲ. ಒಳಗೆ ಅತ್ತೆ ದೊಡ್ಡ ಗಡಿಗೆಯ ಮುಂದೆ ಕೂತು ಮುದ್ದೆ ತೊಳಸುತ್ತಿದ್ದರು. ಮಣಿಕಟ್ಟು ಊದಿಕೊಂಡಿತ್ತು. ನನ್ನನ್ನು ಕಂಡು ಬಾಗಿಲ ಮರೆಗೆ ಸರಿದು, "ರಾಧಿ ಚಂದಾಗವ್ಳಾ?" ಅಂತ ಬಾಗಿಲನ್ನು ಕೇಳಿದರು.

ಎಣ್ಣೆ ಸೀಸೆಯನ್ನು ಅತ್ತೆಯ ಸಾಮಾನಿನ ಜೊತೆ ಇಡುತ್ತೇನೆ, ಎಲ್ಲಿದೆ ಅಂತ ಮಾವನನ್ನು ಕೇಳಿದೆ. ಅವರು ಸ್ವಲ್ಪ ತಡಕಾಡಿದರು. ಕೊನೆಗೆ ಪಡಸಾಲೆಯ ಮೂಲೆಯಲ್ಲಿ ಗೊಬ್ಬರದ ಚೀಲಗಳನ್ನು ಎಳೆದಾಗ ಕೆಳಗೆ ಒಂದು ತಗಡಿನ ಟ್ರಂಕು ಸಿಕ್ಕಿತು. ಮೇಲೆ ಸುತ್ತಿಟ್ಟ ಕಂಬಳಿ. ಅಷ್ಟೇ.

"ಮೊದ್ಲು ಆ ಕಡೆ ಅಂಕಣ ಅಣ್ಣಂದು," ಅಂತ ಮಾವ ತೋರಿಸಿದರು. ಅಲ್ಲಿ ಈಗ ಅವರ ಎರಡನೇ ಮಗ, ಸೊಸೆ ಇದ್ದಾರೆ. "ಅಣ್ಣ ತೀರ್ಕಂಡ ವರ್ಷ ಅತ್ತಿಗೆ ಒಲೆ ಕಿತ್ತು ನಮ್ಮ ಒಲೇಗೆ ಸೇರಿಸ್ಕಂಡ್ವಿ. ಒಂಟಿ ಹೆಣ್ಣುಮಗಳು, ಬ್ಯಾರೆ ಒಲೆ ಯಾಕೆ ಅಂತ."

ನಮ್ಮ ಜನರಲ್ಲಿ ಎಷ್ಟು ಒಲೆಯೋ ಅಷ್ಟು ಮನೆ. ಗೋಡೆ ಯಾರದ್ದಾದರೂ ಆಗಲಿ, ಒಲೆ ಬೇರೆಯಾದ ದಿನ ಅಣ್ಣ ತಮ್ಮ ಬೇರೆ. ಒಲೆ ಹೋದವರಿಗೆ ಮನೆಯೂ ಇಲ್ಲ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೆ ಇಪ್ಪತ್ತೆರಡು ವರ್ಷದಿಂದ ಪಾಪಕ್ಕ ಆ ಹಟ್ಟಿಯಲ್ಲಿ ಲಿವ್ ಮಾಡುತ್ತಿದ್ದಾರೆ ಅಂತಲೇ ನಾನು ಅಂದುಕೊಂಡಿದ್ದೆ. ಅಲ್ಲಿ ಅವರಿಗೆ ಪ್ರೀತಿ ಇದೆ, ಮರ್ಯಾದೆ ಇದೆ, ಕೈ ತುಂಬ ಕೆಲಸವಿದೆ. ಒಂದು ಲೋಟ ಕಾಫಿ ಬೇಕೆಂದರೆ ಸೊಸೆಯನ್ನು ಕೇಳಿ ಒಲೆ ಹಚ್ಚಬೇಕು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತೆ, ಕಣ್ಣಲ್ಲಿ ನೀರು ಬರುತ್ತಿತ್ತು.

೯ ಆಗಸ್ಟ್

ಸ್ಕೂಲಿಗೆ ರಜೆ. ಹಿತ್ತಿಲಲ್ಲಿ ಸೌದೆ ತುಂಬಿದ ತಗಡಿನ ಕೋಣೆ ಖಾಲಿ ಮಾಡಿದೆ. ಚೇಳು ಇದ್ದವು. ಯಾಕೆ ಅಂತ ರಾಧ ಕೇಳಿದಳು. ಚೇಳು ಜಾಸ್ತಿಯಾಗಿವೆ ಅಂದೆ. ಇಂಥದ್ದು ಹೇಳಿದರೆ ಅವ್ವ ಒಪ್ಪಲ್ಲ ಬಿಡ್ರಿ ಅಂತ ಮೊದಲೇ ನೀರೆರಚುತ್ತಾಳೆ. ಎಲ್ಲ ಆದ ಮೇಲೆ ತೋರಿಸುವುದು ಒಳ್ಳೆಯದು.

೧೬ ಆಗಸ್ಟ್, ಭಾನುವಾರ

ಎಂಥ ದಿನ.

ಚಳ್ಳಕೆರೆ ಸಂತೆಗೆ ಹೋಗಿ ಒಂದು ಮಣ್ಣಿನ ಒಲೆ ತಂದೆ. ನಮ್ಮೂರು ಮೊಳಕಾಲ್ಮೂರಿನಲ್ಲೇ ಕೊಂಡರೆ ಮನೆ ಮುಟ್ಟುವ ಮೊದಲು ಸುದ್ದಿ ಮುಟ್ಟುತ್ತದೆ ಅಂತ ನನ್ನ ಲೆಕ್ಕ. ಒಲೆ ಮಾರುವ ಮುದುಕಿ ಒಲೆಗೆ ಬೆರಳಲ್ಲಿ ತಟ್ಟಿ ತೋರಿಸುತ್ತ, "ಯಾರಪ್ಪ ಬ್ಯಾರೆ ಹೋಗ್ತಿರಾದು?" ಅಂದಳು. ಆಗಲಾದರೂ ನನಗೆ ತಿಳಿಯಬೇಕಿತ್ತು.

ಬಸ್ಸಿನಲ್ಲಿ ಒಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗಂಡಸು ಹೊಸ ಒಲೆ ಹೊತ್ತು ಹೊರಟರೆ ನಮ್ಮ ಸೀಮೆಯಲ್ಲಿ ಒಂದೇ ಅರ್ಥ. ಎಲ್ಲರೂ ನೋಡುತ್ತಿದ್ದರು. ಪಕ್ಕದ ಹೆಂಗಸು ತಡೆಯಲಾರದೆ ಕೇಳಿಯೇಬಿಟ್ಟಳು. "ಅಣ್ಣ ತಮ್ಮಂದ್ರಾ, ತಾಯಿ ಮಗನಾ?"

"ಅಲ್ಲ, ನಮ್ಮತ್ತೆಗೆ," ಅಂದೆ.

"ಅತ್ತೆನಾ ಬ್ಯಾರೆ ಹಾಕ್ತಾನಂತೆ," ಅಂತ ಹಿಂದಿನ ಸೀಟಿನಲ್ಲಿ ಯಾರೋ ಅಂದರು. ಹಾಗಲ್ಲ, ಅವರು ನಮ್ಮ ಜೊತೆ ಇರಲಿ ಅಂತಲೇ ಬೇರೆ ಒಲೆ ಅಂತ ತಿರುಗಿ ವಿವರಿಸಿದೆ. ಯಾರೂ ನಂಬಿದ ಹಾಗೆ ಕಾಣಲಿಲ್ಲ. ದಾರಿಯಲ್ಲಿ ಹಾನಗಲ್‌ನಲ್ಲಿ ಇಳಿಯುತ್ತ ಒಬ್ಬ ಮುದುಕ, "ಓದಿದೋರೇ ಹಿಂಗಾದ್ರೆ," ಅಂತ ನನಗೇ ಕೇಳುವಂತೆ ಹೇಳಿ ಹೋದ. ಆ ಬಸ್ಸಿನಲ್ಲಿ ಸರ್ವಮಂಗಳಮ್ಮನ ತಮ್ಮನೂ ಇದ್ದ, ನನಗಿಂತ ಮೊದಲೇ ಬೀದಿ ಮುಟ್ಟಿದ್ದ ಅಂತ ಆಮೇಲೆ ಗೊತ್ತಾಯಿತು.

ಬಾಗಿಲಲ್ಲೇ ರಾಧ ನಿಂತಿದ್ದಳು. ಮುಖ ಕೆಂಪಾಗಿತ್ತು.

"ನನ್ನವ್ವ ನಿಮಗೆ ಏನು ಭಾರ ಆಗಿದ್ಲು? ಒಂದು ಮುದ್ದೆ ಮ್ಯಾಲೆ ಎರಡು ತಿಂದ್ಲಾ? ಅವಳಾಗೇ ಎದ್ದು ಹೋಗಿ ಇನ್ನೂ ಇಪ್ಪತ್ತು ದಿನ ಆಗಿಲ್ಲ, ಮತ್ತೆ ಬಂದ್ರೆ ಅಂತ ಆಗಲೇ ಬ್ಯಾರೆ ಒಲೆ ತಂದ್ರಾ?"

ಒಲೆ ಕೆಳಗಿಟ್ಟು, ಸ್ಟೇ ಅಂದರೆ ಏನು, ಲಿವ್ ಅಂದರೆ ಏನು ಅಂತ ಮೊದಲಿನಿಂದ ಹೇಳಲು ಹೊರಟೆ.

"ನಿಮ್ಮ ಇಂಗ್ಲೀಷು ನಿಮ್ಮ ಸ್ಕೂಲ್‌ನಾಗೆ ಇಟ್ಕಳ್ರಿ," ಅಂದು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಅಳುವುದು ಕೇಳಿಸುತ್ತಿತ್ತು.

೧೮ ಆಗಸ್ಟ್

ರಾಧ ಮಾತಾಡುತ್ತಿಲ್ಲ. ತಟ್ಟೆ ಇಟ್ಟು ಹೋಗುತ್ತಾಳೆ. ಕಂಬಕ್ಕೂ ಏನೂ ಹೇಳುವುದಿಲ್ಲ.

ಸೋಮಶೇಖರಪ್ಪನವರು ತಮ್ಮ ಕೋಣೆಗೆ ಕರೆಸಿ ಬಾಗಿಲು ಮುಂದೆ ಮಾಡಿದರು. "ಬಾಲರಾಜು, ಗಂಡ ಹೆಂಡಿರ ಮಧ್ಯೆ ನೂರು ಇರ್ತಾವೆ. ಅದಕ್ಕೆ ಒಲೆ ಬೇರೆ ಮಾಡ್ಕಂತಾರೇನ್ರಿ?" ಅಂದರು. ಸುದ್ದಿ ಎರಡು ದಿನದಲ್ಲಿ ಇಷ್ಟು ಬೆಳೆದಿದೆ. ಒಲೆ ಅತ್ತೆಗೆ ಸಾರ್ ಅಂದೆ. "ಅದು ಇನ್ನೂ ಕೆಟ್ಟದ್ದು," ಅಂದರು.

೨೦ ಆಗಸ್ಟ್

ಬೆಳಗಿನ ಮೊದಲ ಬಸ್ಸಿಗೇ ಪಾಪಕ್ಕ ಬಂದಿಳಿದರು. ಸುದ್ದಿ ಹಟ್ಟಿಗೂ ಹೋಗಿತ್ತು, ಅಳಿಯ ಮಗಳು ಬೇರೆಯಾದರು ಅಂತ. ಕಂಬವನ್ನೂ ನೋಡಲಿಲ್ಲ, ಬಾಗಿಲ ಮರೆಗೂ ಹೋಗಲಿಲ್ಲ. ನಡುಮನೆಯಲ್ಲಿ ನನ್ನ ಎದುರಿಗೇ ನಿಂತರು.

"ಏನಪ್ಪ ಬಾಲರಾಜು, ನನ್ನ ಮಗಳು ಮಾಡಿದ ತಪ್ಪೇನು? ತಪ್ಪಿದ್ರೆ ನನ್ನ ಕರೆಸಿ ಹೇಳ್ಬೇಕು. ಒಲೆ ತರ್ತೀಯಾ? ನಗೋರ ಮುಂದೆ ಎಡವಿ ಬಿದ್ದಂಗೆ ಮಾಡ್ತೀಯಾ?"

"ಬರ್ರಿ," ಅಂತ ಹಿತ್ತಿಲಿಗೆ ಕರೆದುಕೊಂಡು ಹೋದೆ. ತಗಡಿನ ಕೋಣೆಯ ಒಳಗೆ ಸುಣ್ಣ ಬಳಿದಿದ್ದೆ, ನೆಲ ಸಾರಿಸಿದ್ದೆ. ಸಾರಿಸಿದ್ದು ನಾನೇ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಮೂಲೆಯಲ್ಲಿ ಒಲೆ ಇಟ್ಟಿದ್ದೆ.

"ಇದು ನಿಮ್ದು ಅತ್ತೆಮ್ಮ. ನನ್ನ ಅನ್ನ ಉಣ್ಣಬ್ಯಾಡ್ರಿ. ನಿಮ್ಮ ಒಲೆ ಮ್ಯಾಲೆ ನೀವು ಮಾಡ್ಕಂಡು ನಿಮ್ಮ ಮನ್ಯಾಗೆ ನೀವು ಉಣ್ರಿ. ದಾರಿ ಹಿತ್ತಲ ಕಡೆಯಿಂದ ಬ್ಯಾರೆ ಐತೆ, ನಮ್ಮ ಬಾಗಿಲು ದಾಟಂಗಿಲ್ಲ. ಒಲೆ ಹಚ್ಚಾಕೆ ಯಾರನ್ನೂ ಕೇಳಂಗಿಲ್ಲ." ಇಷ್ಟು ಹೇಳಿ ಒಲೆಯ ಮೇಲೆ ಬಿದ್ದಿದ್ದ ಸುಣ್ಣದ ಹನಿ ಒರೆಸಿದೆ. "ನೀವಿಲ್ದೆ ನಮಗೆ ಬೇಜಾರಾಗೈತೆ," ಅಂತಲೂ ಅಂದೆ. ಅದನ್ನು ಹೇಳಬೇಕು ಅಂತ ಇರಲಿಲ್ಲ.

ಹಿಂದೆ ರಾಧ ಬಂದು ನಿಂತಿದ್ದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಪಾಪಕ್ಕ ಬಹಳ ಹೊತ್ತು ಒಲೆಯನ್ನೇ ನೋಡಿದರು. ಆಮೇಲೆ ಒಲೆಗೇ ಹೇಳಿದರು, "ಒಲೆ ಬಾಯಿ ತೆಂಕಲಿಗೆ ಮಾಡಿ ಯಾರಾದ್ರೂ ಇಡ್ತಾರಾ?" ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಹಿಡಿದು ಅದನ್ನು ಮೂಡಲಿಗೆ ತಿರುಗಿಸಿದರು. ಒಳಗಿನ ಗೋಡೆಯನ್ನು ಬೆರಳಲ್ಲಿ ಸವರಿದರು. "ಪೆದ್ದಣ್ಣನ್ನ ಕೇಳ್ಬೇಕು. ಸಾಕಿದೋನು ಅವನು," ಅಂದು ಸಂಜೆ ಬಸ್ಸಿಗೆ ಹೊರಟರು. ಈ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯಲಿಲ್ಲ.

ರಾಧ ರಾತ್ರಿ ನನಗೆ ಬಡಿಸಿ ಪಕ್ಕದಲ್ಲೇ ಕೂತಳು. "ಮೊದಲೇ ನನಗೆ ಹೇಳಾಕೆ ಏನಾಗಿತ್ತು ನಿಮಗೆ? ಎಂಥ ಮನುಷ್ಯರಪ್ಪ ನೀವು," ಅಂದಳು. ಎರಡನೇ ಮುದ್ದೆ ಕೇಳದೆಯೇ ಹಾಕಿದಳು.

೨೬ ಆಗಸ್ಟ್

ಗಣಪತಿ ಹಬ್ಬ ಆಯಿತು. ಹಟ್ಟಿಯಿಂದ ಸುದ್ದಿ ಇಲ್ಲ. ಬಸ್ಸಿನ ಸದ್ದಾದಾಗಲೆಲ್ಲ ಬೆಕ್ಕು ಬಾಗಿಲಿಗೆ ಹೋಗಿ ನೋಡುತ್ತದೆ. ನಾನೂ ಹೋಗಿ ಬೆಕ್ಕನ್ನು ಒಳಗೆ ಕರೆತರುತ್ತೇನೆ.

೩೦ ಆಗಸ್ಟ್, ಭಾನುವಾರ

ಬಂದರು.

ಪೆದ್ದಣ್ಣ ಮಾವನ ಹೆಗಲ ಮೇಲೆ ಚೀಲ, ಕಂಕುಳಲ್ಲಿ ಆ ತಗಡಿನ ಟ್ರಂಕು. ಮುಖ ಗಂಟಿಕ್ಕಿತ್ತು. ನಾನು ಕೈ ಹಾಕಲು ಹೋದರೆ ಬೇಡ ಅಂದರು.

"ನಮ್ಮ ಮನ್ಯಾಗೆ ಅತ್ತಿಗೇಗೆ ಏನು ಕಮ್ಮಿ ಮಾಡಿದ್ವಿ ಅಳಿಯಂದ್ರೇ? ಇಂಗ್ಲೀಷ್‌ನಾಗೆ ಏನೋ ಸ್ಟೇ ಅಂತ ಹೇಳ್ತೀರಂತೆ. ಸ್ಟೇ ಅಂದ್ರೆ ಕೋರ್ಟಿನ್ದು ಅಂತ ನನಗೂ ಗೊತ್ತೈತೆ. ನಾವೇನು ಜಮೀನಿಗೆ ಬಡಿದಾಡಿದ್ವಾ?"

"ನೀವೇನೂ ಕಮ್ಮಿ ಮಾಡ್ಲಿಲ್ಲ ಮಾವ," ಅಂದೆ. ಅದು ನಿಜವೇ.

ಹಿತ್ತಿಲ ಕಡೆಯಿಂದಲೇ ತಗಡಿನ ಕೋಣೆಗೆ ಬಂದು ಚೀಲ ಇಳಿಸಿದರು. ರಾಗಿ, ನವಣೆ, ಒಂದಿಷ್ಟು ಹುರುಳಿ. "ಇದು ಅಣ್ಣನ ಪಾಲಿಂದು. ಪ್ರತಿ ವರ್ಷಾ ತಂದಾಕ್ತೀನಿ. ನಮ್ಮತ್ತಿಗೆ ಅಳಿಯನ ಕೂಳು ತಿಂದ್ಲು ಅಂತ ಈ ಬೀದ್ಯಾಗೆ ಯಾವಳೂ ಅನ್ನಂಗಿಲ್ಲ," ಅಂತ ಸರ್ವಮಂಗಳಮ್ಮನ ಗೋಡೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಹೇಳಿದರು. ಆಮೇಲೆ ಒಲೆಯ ಕಡೆ ತಿರುಗಿದರು. "ಅವತ್ತು ಕಿತ್ತೋನು ನಾನೇ. ಒಂಟಿ ಬ್ಯಾಡ ಅಂತ ಕಿತ್ತೆ ಅತ್ತಿಗೆ, ಇನ್ಯಾತಕ್ಕೂ ಅಲ್ಲ," ಅಂದರು. ಆ ಮಾತಿಗೆ ದನಿ ಇರಲಿಲ್ಲ.

"ನನಗೆ ಗೊತ್ತಿಲ್ವೇನೋ," ಅಂದರು ಪಾಪಕ್ಕ. ಮೈದುನನ ಬೆನ್ನು ಸವರಿದರು.

ರಾಧ ಹೊಸ ಗಡಿಗೆಯಲ್ಲಿ ಹಾಲು ತಂದಳು. ಹೊಸ ಮನೆಗೆ ಮಾಡುವ ಹಾಗೆ ಹಾಲುಕ್ಕಿಸಬೇಕಲ್ಲ. ಕಡ್ಡಿ ಗೀರಲು ನಾನು ಹೋದೆ. ಪಾಪಕ್ಕ ನನ್ನ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡು ತಾವೇ ಹಚ್ಚಿದರು. ಹಾಲು ಉಕ್ಕಿ ಬೂದಿಗೆ ಬಿದ್ದಾಗ ಪೆದ್ದಣ್ಣ ಮಾವ ಕಣ್ಣೊರೆಸಿಕೊಂಡು, ಹಸಿ ಸೌದೆ ಹಾಕೀರಿ, ಹೊಗೆ ಅಂದರು.

೩ ಸೆಪ್ಟೆಂಬರ್

ಹತ್ತನೇ ತರಗತಿಯಲ್ಲಿ ಹಳೆಯ ಪಾಠ ತಿದ್ದಿದೆ. ಎಷ್ಟು ದಿನ ಅನ್ನುವುದು ಪರೀಕ್ಷೆಯ ಉತ್ತರ, ಬರೆಯಿರಿ, ಅಂಕ ಸಿಗುತ್ತದೆ. ಆದರೆ ತಿಳಿದುಕೊಳ್ಳಬೇಕಾದ್ದು ಬೇರೆ. ಯಾರನ್ನೂ ಕೇಳದೆ ಒಲೆ ಹಚ್ಚುವ ಜಾಗದಲ್ಲಿ ಲಿವ್, ಕೇಳಿ ಹಚ್ಚುವ ಜಾಗದಲ್ಲಿ ಎಷ್ಟು ವರ್ಷ ಇದ್ದರೂ ಸ್ಟೇ ಅಂದೆ.

ಮಾಲತಿ ಯೋಚಿಸಿ ಹೇಳಿದಳು, "ಹಾಸ್ಟೆಲ್‌ನಾಗೆ ಅಡುಗೆ ಭಟ್ಟರನ್ನ ಕೇಳ್ಬೇಕು ಸಾ. ಅಂಗಾದ್ರೆ ಸ್ಟೇನೇ."

"ನಿಮ್ಮ ಹಟ್ಟಿಯಲ್ಲಿ?"

"ನಾನು ಹೋದ್ರೆ ನಮ್ಮವ್ವ ಒಲೆ ನನಗೇ ಬಿಟ್ಟು ಕುರಿ ಹಿಂದೆ ಹೋಗ್ತಾಳೆ ಸಾ," ಅಂದಳು. ಮುಖ ಅರಳಿತ್ತು. ಈ ಸಲ ಯಾರೂ ನಗಲಿಲ್ಲ.

೯ ಸೆಪ್ಟೆಂಬರ್

ಪಾಪಕ್ಕ ಬೇರೆ ಅಂದರೆ ಬೇರೆಯೇ. ಒಂದು ಹಿಡಿ ಉಪ್ಪು ನಮ್ಮಿಂದ ಇಸಿದುಕೊಳ್ಳುವುದಿಲ್ಲ, ಒಂದು ಸೌಟು ಸಾರು ನಮ್ಮ ಕಡೆ ಕಳಿಸುವುದಿಲ್ಲ. ಸಂಜೆಯಾದರೆ ಹಿತ್ತಿಲಿಂದ ಹುರುಳಿಕಾಳಿನ ಬಸ್ಸಾರಿನ ವಾಸನೆ ಬರುತ್ತದೆ. ನಾನು ನೋಟ್ಸ್ ತಿದ್ದುತ್ತ ಒಂದೇ ಸಾಲನ್ನು ನಾಲ್ಕು ಸಲ ಓದುತ್ತೇನೆ. ಬೆಕ್ಕು ಆ ಕಡೆಯೇ ಮನೆ ಮಾಡಿದೆ. ನೀವೇ ಹೋಗಿ ಕೇಳ್ರಿ ಅಂತ ರಾಧ ನಗುತ್ತಾಳೆ. ಕರೆಯದೆ ಬೀಗರ ಮನೆಗೆ ಊಟಕ್ಕೆ ಹೋಗುವುದು ಹೇಗೆ?

೧೩ ಸೆಪ್ಟೆಂಬರ್, ಭಾನುವಾರ

ನಿನ್ನೆ ಸಂಜೆ ಪಾಪಕ್ಕ ಬೀದಿ ಸುತ್ತಿಕೊಂಡು ನಮ್ಮ ಮುಂಬಾಗಿಲಿಗೆ ಬಂದರು. ಒಗೆದ ಸೀರೆ ಉಟ್ಟಿದ್ದರು. ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು ರಾಧಳಿಗೆ ಕುಂಕುಮದ ಭರಣಿ ಚಾಚಿ, "ನಾಳೆ ಸಂಜೀಕೆ ಅಳಿಯಂದ್ರನ್ನ ಕರ್ಕಂಡು ನಮ್ಮನಿಗೆ ಉಣ್ಣಾಕೆ ಬರ್ರವ್ವ," ಅಂತ ಕರೆದು ಹೋದರು.

ಇವತ್ತು ನಾನು ಇಸ್ತ್ರಿ ಅಂಗಿ ಹಾಕಿಕೊಂಡೆ, ರಾಧ ಮದುವೆಯ ರೇಷ್ಮೆ ಸೀರೆ ತೆಗೆದಳು. ಅಡುಗೆಮನೆಯ ಬಾಗಿಲಿಂದ ಹತ್ತು ಹೆಜ್ಜೆ. ಆ ದಾರಿಯಲ್ಲಿ ಹೋಗುವುದು ಸರಿಯಲ್ಲ ಅಂತ ಇಬ್ಬರಿಗೂ ಅನ್ನಿಸಿತು. ಮನೆಗೆ ಬೀಗ ಹಾಕಿ, ಬಾಳೆಹಣ್ಣು, ಎಲೆ ಅಡಿಕೆ ಹಿಡಿದು ಬೀದಿ ಸುತ್ತಿ ಹಿತ್ತಿಲ ಕಡೆಯಿಂದ ಹೋದೆವು. ಸರ್ವಮಂಗಳಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಎಲ್ಲಿಗೆ ಹೊರಟಿರಿ ಅಂದಳು. "ನಮ್ಮತ್ತೆ ಮನಿಗೆ," ಅಂದೆ.

ಪಾಪಕ್ಕ ಕಾಲಿಗೆ ನೀರು ಕೊಟ್ಟರು. ಕಂಬಳಿ ಹಾಸಿ ಕೂರಿಸಿದರು. ಕೋಣೆ ಚಿಕ್ಕದು, ಸರಿದು ನಿಲ್ಲಲು ಬಾಗಿಲ ಮರೆಯೂ ಇಲ್ಲ. ನನ್ನ ಎದುರಿಗೇ ಕೂತು ಬಡಿಸಿದರು. ಮುದ್ದೆ, ಬಸ್ಸಾರು, ನವಣೆ ಪಾಯಸ. ಸಾಕು ಅಂದರೆ ಕೇಳಲಿಲ್ಲ. "ನಮ್ಮನಿಗೆ ಬಂದು ಅರೆಹೊಟ್ಟೆ ಏಳ್ತೀರಾ?" ಅಂತ ನನ್ನ ಮುಖ ನೋಡಿ ಗದರಿದರು. ಕೈಗೆ ಬಟ್ಟೆ ಸುತ್ತಿಕೊಂಡಿದ್ದರು. ಮೂರೇ ಜನರ ಅಡುಗೆಯಾದ್ದರಿಂದ ನೋವು ಕಡಿಮೆಯಂತೆ.

ಉಂಡು, ಎಲೆ ಅಡಿಕೆ ಹಾಕಿಕೊಂಡು, ರಾಧಳ ಮಡಿಲಿಗೆ ಅವ್ವ ಕಾಯಿ ತುಂಬಿದ ಮೇಲೆ ನಾವು ಎದ್ದೆವು. ಪಾಪಕ್ಕ ಬಾಗಿಲವರೆಗೆ ಬಂದರು. ತಗಡಿನ ಸೂರು ಹಿಡಿದು ನಿಂತು, ದೂರದಿಂದ ಬಂದ ನೆಂಟರಿಗೆ ಹೇಳುವ ಹಾಗೆ, "ಕತ್ತಲಾತು. ಇವತ್ತೊಂದಿನ ಇದ್ದು ಹೋಗ್ರಿ," ಅಂದರು.

ನಮ್ಮ ಅಡುಗೆಮನೆಯ ಕಿಟಕಿ ಎದುರಿಗೇ ಕಾಣುತ್ತಿತ್ತು. ರಾಧ ನಗಲಿಲ್ಲ, ನಾನೂ ನಗಲಿಲ್ಲ.

"ಇಲ್ಲ ಅತ್ತೆಮ್ಮ, ಮನೆ ಕಡೆ ಕೆಲಸ ಐತೆ. ಇನ್ನೊಂದ್ಸಲ ಬಂದಾಗ ಇರ್ತೀವಿ," ಅಂದೆ.